ನಾಲ್ಕನೇ ಮಹಡಿಯ ವೈಫೈ ಕಳವು

ಶುಕ್ರವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅರಸ ನಿಂತುಹೋದ.

ಒಂದು ಕೈ ಮೇಲೆತ್ತಿದ್ದ. ಬಾಯಿ ಅರ್ಧ ತೆರೆದಿತ್ತು. ನೋಡನೋಡುತ್ತಿದ್ದಂತೆ ಅವನ ಮುಖ ಚೌಕ ಚೌಕವಾಗಿ ಒಡೆಯಿತು. ಟಿವಿಯ ನಡುವೆ ಬಿಳಿ ಉಂಗುರವೊಂದು ಸುತ್ತತೊಡಗಿತು.

“ಕದ್ದ! ಮತ್ತೆ ಕದ್ದ!” ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದ ಔರಿಕಾ ಕೂಗಿದರು. “ಕ್ರೀನಾ! ಬಾರೇ ಇಲ್ಲಿ!”

ಎದುರು ಮನೆಯ ಕ್ರೀನಾ ಸೂಪಿನ ಪಾತ್ರೆ ಹಿಡಿದು ಆಗಲೇ ಬಾಗಿಲಲ್ಲಿದ್ದಳು. ಇಪ್ಪತ್ತನಾಲ್ಕರ ಹುಡುಗಿ. ಇತಿಹಾಸದಲ್ಲಿ ಪದವಿ, ಕೆಲಸ ಇನ್ನೂ ಇಲ್ಲ. ದನಿ ಎಷ್ಟು ಮೆಲ್ಲಗೆಂದರೆ ಅಂಗಡಿಯವರು ಎರಡೆರಡು ಸಲ “ಏನು?” ಅನ್ನುತ್ತಿದ್ದರು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಬರೆದುಬಿಡುವುದು ಅವಳ ಅಭ್ಯಾಸ.

ಅವಸರದಲ್ಲಿ ಒಳಗೆ ಬಂದವಳ ಮೊಣಕಾಲು ಹಜಾರದ ಪೀಪಾಯಿಗೆ ಬಡಿಯಿತು. ಎರಡು ನೀಲಿ ಪೀಪಾಯಿಗಳು, ಚಳಿಗಾಲದ ಎಲೆಕೋಸಿನ ಉಪ್ಪಿನಕಾಯಿ. ಮೇಲೆ ಮೊಳೆಗೆ, ತಳದ ಉಪ್ಪುನೀರಿಗೆ ಗಾಳಿ ಊದಿ ಕಲಕುವ ರಬ್ಬರ್ ಕೊಳವೆಯೊಂದು ಒಣಗಿ ನೇತಾಡುತ್ತಿತ್ತು. ಪೀಪಾಯಿಗಳ ಹಿಂದಿನ ಚಪ್ಪಲಿ ಗೂಡಿನಲ್ಲಿ, ಲೇಸಿನ ಹೊದಿಕೆಯ ಕೆಳಗೆ, ವೈಫೈ ಪೆಟ್ಟಿಗೆ ಹಸಿರಾಗಿ ಕಣ್ಣು ಮಿಟುಕಿಸಿತು.

“ನೋಡು, ಇವತ್ತು ಬೊಂಬೆಯಾಟದ ತಾಲೀಮಿನ ಪ್ರಸಾರ. ಇದೇ ಹೀಗಾದ್ರೆ ಭಾನುವಾರದ ಗತಿ?” ಔರಿಕಾ ಬೆರಳುಗಳನ್ನು ಚಾಚಿ ತೋರಿಸಿದರು. “ಎಂಬತ್ತಮೂರರಲ್ಲಿ ಆ ಬೊಂಬೆಗಳಿಗೆಲ್ಲ ಬಟ್ಟೆ ಹೊಲಿದಿದ್ದು ಈ ಕೈ. ಭಾನುವಾರ ಐದಕ್ಕೆ ಕೊನೇ ಆಟ. ಒಂದೇ ಆಟ. ಆಮೇಲೆ ಅವನ್ನೆಲ್ಲ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಈ ಕಾಲು ಇಟ್ಕೊಂಡು ನಾಲ್ಕು ಮಹಡಿ ಇಳಿದು ಹೋಗ್ಲಾ?”

“ನನ್ನ ಫೋನಲ್ಲಿ…”

“ಬೆರಳಗಲದ ಫೋನಲ್ಲಿ ಹೊಲಿಗೆ ಕಾಣತ್ತೇನೇ? ಕಳ್ಳನ್ನ ಹಿಡಿ. ಅವನೇ, ಕೆಳಗಿನ ನಿಸ್ತೋರ್. ಬೇಸಗೇಲಿ ನಾನೇ ಪಾಸ್‌ವರ್ಡ್ ಬರ್ಕೊಟ್ಟೆ, ಪೆದ್ದಿ. ದಿನಾ ಫುಟ್ಬಾಲ್ ಗದ್ದಲ ಕೇಳಲ್ವಾ? ಸೋಮವಾರ ಮುಖಕ್ಕೆ ಹೊಡೆದ ಹಾಗೆ ಹೇಳಿದೀನಿ. ಅವತ್ತಿಂದ ಇತ್ತ ತಲೆ ಹಾಕಿಲ್ಲ. ತಪ್ಪಿಲ್ಲದೋರು ಹಾಗೆ ಅಡಗ್ತಾರಾ?”

ಮೂವತ್ತೈದು ವರ್ಷದ ನೆರೆಹೊರೆ. ಒಂದು ಬಿಳಿ ಉಂಗುರ ಅದನ್ನು ನಾಲ್ಕು ದಿನದಲ್ಲಿ ನುಂಗಿಹಾಕಿತ್ತು.

* * *

ಕ್ರೀನಾ ಮೊದಲು ವೈಫೈ ಪಾಸ್‌ವರ್ಡ್ ಬದಲಿಸಿದಳು. ಬಿಳಿ ಉಂಗುರ ನಿಲ್ಲಲಿಲ್ಲ. ಪೆಟ್ಟಿಗೆಗೆ ಯಾರ್ಯಾರು ಸೇರಿದ್ದಾರೆಂದು ನೋಡಿದಳು. ಟಿವಿ ಒಂದು, ಅವಳ ಫೋನ್ ಒಂದು. ಮೂರನೆಯವರಿಲ್ಲ.

ಅಡುಗೆಮನೆಯ ಮೈಕ್ರೋವೇವ್ ಒಲೆಯ ಮೇಲೆ ಅನುಮಾನ ಬಂತು. ಅದರ ಪ್ಲಗ್ಗನ್ನೇ ಕಿತ್ತಳು. ಏನೂ ಬದಲಾಗಲಿಲ್ಲ. ಕಂಪನಿಗೆ ಫೋನ್ ಮಾಡಲು ಕಾಲು ಗಂಟೆ ಧೈರ್ಯ ತಂದುಕೊಂಡಳು. “ತಂತಿ ಸರಿಯಾಗಿದೆ ಮೇಡಂ, ಮನೆ ತನಕ ಪೂರ್ತಿ ವೇಗ ಬರ್ತಿದೆ,” ಅಂದರು ಅವರು.

ಮನೆ ತನಕ ಬರುತ್ತಿದೆ. ಟಿವಿ ತನಕ ಇಲ್ಲ. ಹಾಗಾದರೆ ಕಳ್ಳ ಹೊರಗಿನವನಲ್ಲ. ಆದರೂ ಔರಿಕಾ ಒಪ್ಪಬೇಕಲ್ಲ. ಶನಿವಾರ ಕ್ರೀನಾ ಮೂರನೇ ಮಹಡಿಗೆ ಇಳಿದಳು. ಕರೆಗಂಟೆಯ ಮೇಲೆ ಬೆರಳಿಟ್ಟು ತೆಗೆದಳು. ಮತ್ತೆ ಇಟ್ಟಳು.

ಬಾಗಿಲು ತಾನಾಗಿ ತೆರೆಯಿತು. “ಒತ್ತಮ್ಮ, ಕಚ್ಚಲ್ಲ ಅದು,” ಅಂದರು ನಿಸ್ತೋರ್. “ಪೊಲೀಸ್ ಕಳಿಸಿದಾಳೋ?”

ಅವರು ಗೋಡೆಯ ದೇವರ ಪಟದ ಹಿಂದಿನಿಂದ ಲಕೋಟೆಯೊಂದನ್ನು ತೆಗೆದರು. ಅಂಟು ಬಿಚ್ಚಿಯೇ ಇರಲಿಲ್ಲ.

“ಅವಳ ಪಾಸ್‌ವರ್ಡ್. ಕೊಟ್ಟಾಗಿಂದ ಇಲ್ಲೇ ಇದೆ. ನನ್ನ ಫುಟ್ಬಾಲ್ ಛಾವಣಿ ಮೇಲಿನ ಡಿಶ್ ತಟ್ಟೆಯಿಂದ ಬರತ್ತೆ. ಮೂವತ್ತು ವರ್ಷ ಟ್ರಾಮ್ ಓಡಿಸಿದೆ, ಒಂದು ಟಿಕೆಟ್ಟಿನ ಕಾಸೂ ಮುಟ್ಟಿದವನಲ್ಲ. ನನ್ನ ಜನ್ಮಕ್ಕೆ ಕೆಟ್ಟ ಹೆಸರು ಬಂದಿದ್ದು ಒಂದೇ ಸಲ. ಕೋಟಿನ ಹಿತ್ತಾಳೆ ಗುಂಡಿ ಕಳೆದೆ ಅಂತ ಡಿಪೋ ಎದುರು ನಿಲ್ಲಿಸಿ ಬೈದ್ರು. ಈಗ ಇವಳು.”

ಕ್ರೀನಾ ಲಕೋಟೆಯನ್ನು ತಿರುಗಿಸಿ ನೋಡಿದಳು. ಸುಮ್ಮನಿದ್ದರೆ ಜನ ತಾವಾಗಿ ಮಾತಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ನಿಸ್ತೋರರ ಮುಖ ನಿಧಾನವಾಗಿ ಸಡಿಲವಾಯಿತು. “ಆಗ ಸರ್ವಾಧಿಕಾರಿಯ ಕಾಲ, ದಿನಕ್ಕೆ ಎರಡೇ ಗಂಟೆ ಟಿವಿ. ಅದೂ ಬರೀ ಭಾಷಣ. ಗಡಿಯಾಚೆ ಬಲ್ಗೇರಿಯಾದ ಸಿನಿಮಾ ಹಿಡಿಯೋಕೆ ನಾನು ಛಾವಣಿ ಹತ್ತಿ ಆಂಟೆನಾ ತಿರುಗಿಸ್ತಿದ್ದೆ. ಅವಳು ಕಿಟಕೀಲಿ ನಿಂತು ‘ಬಂತು! ಹೋಯ್ತು! ಬಂತು!’ ಅಂತ ಕೂಗೋಳು. ಭಾಷೆ ಒಬ್ರಿಗೂ ಅರ್ಥ ಆಗ್ತಿರಲಿಲ್ಲ. ಆದ್ರೂ ಕಟ್ಟಡದ ಹತ್ತೂ ಮನೆಯೋರು ಅವಳ ಕೋಣೇಲೇ. ಒಂದ್ಸಲ ಛಾವಣಿ ಮೇಲೆ ಯಾರೋ ರತ್ನಗಂಬಳಿ ಒಣ ಹಾಕಿದ್ರು, ಒದ್ದೆದು. ಸಿನಿಮಾನೇ ಮಾಯ! ಗಂಬಳಿ ತೆಗೆದೆ, ಬಂತು.”

ಕ್ರೀನಾ ತಲೆಯೆತ್ತಿದಳು. “ಒದ್ದೆದಾ?”

“ನೀರು ಸೋರ್ತಿತ್ತು. ಯಾಕೆ?”

ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

* * *

ಡೈರಿ ತೆರೆದಳು. ಕಳೆದ ಎರಡು ವಾರ ಓದಿದಳು.

‘ನವೆಂಬರ್ 3, ಭಾನುವಾರ. ಎದುರು ಮನೆಗೆ ಕೋಸಿನ ಪೀಪಾಯಿ ಬಂದವು, ಮೆಟ್ಟಿಲ ತುಂಬ ಸಬ್ಬಸಿಗೆ ವಾಸನೆ. ಅಜ್ಜ ಹಿತ್ತಲಲ್ಲಿ ಪೀಪಾಯಿ ತೊಳೆದು, ನನ್ನನ್ನು ಒಳಗಿಳಿಸಿ ಹೆಸರು ಕೂಗು ಅನ್ನುತ್ತಿದ್ದದ್ದು ನೆನಪಾಯಿತು. ಅಲ್ಲಿ ಮಾತ್ರ ನನ್ನ ದನಿ ದೊಡ್ಡದಾಗಿತ್ತು.’

‘ನವೆಂಬರ್ 4, ಸೋಮವಾರ. ಔರಿಕಾ ಅಮ್ಮನ ಧಾರಾವಾಹಿ ಮೊದಲ ಸಲ ನಿಂತಿತಂತೆ.’

ಅವಳು ಎರಡು ದಿನಾಂಕಗಳ ನಡುವೆ ಒಂದು ಗೆರೆ ಎಳೆದಳು.

* * *

ಭಾನುವಾರ ನಾಲ್ಕೂವರೆ. ಈ ಸಲ ಕ್ರೀನಾ ಮೂರನೇ ಮಹಡಿಯ ಗಂಟೆಯನ್ನು ಒಂದೇ ಸಲಕ್ಕೆ ಒತ್ತಿದಳು. “ಮಾಮ, ಬನ್ನಿ. ಕಳ್ಳ ಸಿಕ್ಕಿದ್ದಾನೆ.”

ನಿಸ್ತೋರ್ ಹಜಾರದಲ್ಲಿ ಟೋಪಿ ಹಿಡಿದು ನಿಂತರು. ಔರಿಕಾ ಊರುಗೋಲಿನೊಂದಿಗೆ ಕೋಣೆಯ ಬಾಗಿಲಿಗೆ ಬಂದರು. ಇಬ್ಬರೂ ಗೋಡೆ ನೋಡಿದರು.

ಕ್ರೀನಾ ಡೈರಿ ಎದೆಗೊತ್ತಿಕೊಂಡು ಶುರುಮಾಡಿದಳು. “ಚಪ್ಪಲಿ ಗೂಡಿನ ಪಕ್ಕ ಫೋನ್ ಹಿಡಿದ್ರೆ ವೇಗ ತೊಂಬತ್ತನಾಲ್ಕು. ಅಡುಗೆಮನೇಲಿ, ಗೋಡೆ ದಾಟಿದ ಮೇಲೂ, ಎಪ್ಪತ್ತು. ಆದ್ರೆ ಪೀಪಾಯಿಗಳಿಂದ ಈಚೆ, ಟಿವಿ ಹತ್ರ… ಬರೀ ಎರಡು.”

“ಅಂದ್ರೆ?” ಅಂದರು ಔರಿಕಾ.

“ಗೋಡೆ ದಾಟೋದು ಪೀಪಾಯಿ ದಾಟ್ತಿಲ್ಲ. ವೈಫೈ ಅಲೆಗಳನ್ನ ನೀರು ಹೀರಿಕೊಳ್ಳತ್ತೆ. ಮೈಕ್ರೋವೇವಲ್ಲಿ ನಿಮ್ಮ ಸೂಪು ಬಿಸಿಯಾಗೋದೂ ಅದೇ ತರದ ಅಲೆಯಿಂದ್ಲೇ. ಇಲ್ಲಿರೋದು ಎರಡು ಪೀಪಾಯಿ ಉಪ್ಪುನೀರು. ಪೆಟ್ಟಿಗೆ ಅದರ ಹಿಂದೆ, ನೆಲದ ಹತ್ರ. ಟಿವಿ ಮುಂದೆ. ಪೀಪಾಯಿ ಬಂದಿದ್ದು ಮೂರಕ್ಕೆ. ಧಾರಾವಾಹಿ ನಿಂತಿದ್ದು ನಾಲ್ಕಕ್ಕೆ.”

“ಯಾವಾಗ್ಲೂ ನೆಲಮಾಳಿಗೇಲಿ ಇಡ್ತಿದ್ವಿ,” ಔರಿಕಾ ಮೆಲ್ಲಗೆ ಅಂದರು. “ಈ ವರ್ಷ ಮಾತ್ರ…”

“ಈ ವರ್ಷ ನಿಮಗೆ ಇಳಿಯೋಕಾಗಲ್ಲ ಅಂತ ಯಾರೋ ಅಷ್ಟು ಕೋಸು, ಅಷ್ಟು ಉಪ್ಪು, ಎರಡು ಪೀಪಾಯಿ ನಾಲ್ಕು ಮಹಡಿ ಹೊತ್ತು ತಂದ್ರು. ಕುಂಟಿಕೊಂಡು ಬಂದ್ರೂ ಕೈಗೆ ಸಿಗೋ ಜಾಗದಲ್ಲಿಟ್ರು.” ಕ್ರೀನಾ ನಿಸ್ತೋರರ ಕಡೆ ತಿರುಗಿದಳು. “ಕಳ್ಳ ನೀವೇ, ಮಾಮ. ಕ್ಷಮಿಸಿ.”

ಔರಿಕಾ ಊರುಗೋಲೂರಿ ಒಂದು ಹೆಜ್ಜೆ ಮುಂದೆ ಬಂದರು.

“ಹಾಳಾದೋನೇ,” ಅಂದರು ಔರಿಕಾ. ಅವರ ಕಣ್ಣು ತುಂಬಿತ್ತು. “ಆ ಸೊಂಟ ಇಟ್ಕೊಂಡು ಹೊತ್ತೆಯಲ್ಲೋ. ನಾನು ನಿನ್ನ… ಬಿಡು, ನನ್ನ ನಾಲಿಗೆಗೆ ಪ್ಲಾಸ್ಟರ್ ಹಾಕಬೇಕಿತ್ತು.”

“ಅದಕ್ಕೆ ಯಾವ ಡಾಕ್ಟ್ರೂ ಒಪ್ಪಲ್ಲ,” ಅಂದರು ನಿಸ್ತೋರ್.

ಪೆಟ್ಟಿಗೆಯನ್ನು ಎತ್ತರಕ್ಕಿಡೋಣವೆಂದರೆ ಗೋಡೆಗೆ ಬಿಗಿದ ತಂತಿ ಗೇಣುದ್ದವೂ ಏಳಲಿಲ್ಲ. ಪೀಪಾಯಿಗಳೇ ಜಾಗ ಬಿಡಬೇಕಿತ್ತು. ನಿಸ್ತೋರ್ ಅವುಗಳ ಕೆಳಗೆ ಹಳೆಯ ರತ್ನಗಂಬಳಿ ತುರುಕಿದರು. ಕ್ರೀನಾ ಅಡುಗೆಮನೆಯತ್ತ ಎಳೆದಳು, ಅವರು ತಳ್ಳಿದರು. ಔರಿಕಾ ಟಿವಿ ಎದುರು ಕೂತರು.

“ಬಂತು!” ಒಳಗಿನಿಂದ ಕೂಗು. “ಅಯ್ಯೋ, ಹೋಯ್ತು! ಇನ್ನೊಂಚೂರು… ಬಂತು! ನಿಸ್ತೋರ್, ಬಂತು!”

ನಿಸ್ತೋರ್ ಪೀಪಾಯಿ ಅಪ್ಪಿಕೊಂಡು ಹಾಗೇ ನಿಂತುಬಿಟ್ಟರು. ಕಣ್ಣು ಛಾವಣಿಯ ಕಡೆಗಿತ್ತು, ಅದರಾಚೆಗೆ ಇನ್ನೆಲ್ಲೋ.

* * *

ಐದಕ್ಕೆ ಪರದೆ ಸರಿಯಿತು. ಅರಸ ಕೈಯೆತ್ತಿದ. ಈ ಸಲ ಅವನ ಮಾತು ಪೂರ್ತಿ ಹೊರಬಂತು. ಔರಿಕಾರ ಬೆರಳುಗಳು ಮಡಿಲಲ್ಲಿ ಇಲ್ಲದ ಸೂಜಿಯೊಂದನ್ನು ಆಡಿಸುತ್ತಿದ್ದವು. ಕ್ಯಾಮೆರಾ ಅರಸನ ಹತ್ತಿರ ಸರಿಯಿತು. ಕೆಂಪು ಕೋಟಿನ ಎದೆಯಲ್ಲಿ, ಪದಕವಿರಬೇಕಾದಲ್ಲಿ, ಹಿತ್ತಾಳೆಯದೊಂದು ದುಂಡನೆಯ ತುಣುಕು ಹೊಳೆಯಿತು. ಮೇಲೆ ಪುಟ್ಟ ರೆಕ್ಕೆಯ ಚಕ್ರ.

ನಿಸ್ತೋರ್ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ಔರಿಕಾ. ಅದು ಟ್ರಾಮ್ ಗುಂಡಿ.”

ಔರಿಕಾ ಟಿವಿಯಿಂದ ಕಣ್ಣು ಕೀಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

“ನೀನು ಕೋಟಿನ ಅಸ್ತರು ಹೊಲಿಯೋಕೆ ನನಗೆ ಕೊಟ್ಟಿದ್ದೆಯಲ್ಲ,” ಅಂದರು ಕೊನೆಗೆ. “ಆಗ ನೀನಿನ್ನೂ ಕೆಳಗಿನ ಮನೆಗೆ ಬಂದಿರಲಿಲ್ಲ. ಅರಸನಿಗೆ ಹೊಳೆಯೋದು ಏನೂ ಸಿಕ್ಕಿರಲಿಲ್ಲ ಕಣೋ. ಆಗ ಅಂಗಡೀಲಿ ಏನಿತ್ತು ಹೇಳು?”

“ಡಿಪೋ ಎದುರು ನಿಲ್ಲಿಸಿ ಬೈದ್ರಲ್ಲೇ!”

“ಅರಸನ ಎದೆ ಮೇಲೆ ನಲವತ್ತು ವರ್ಷ ಇತ್ತಲ್ಲೋ.”

ನಿಸ್ತೋರ್ ಆ ಗುಂಡಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಮೊಳೆಯಿಂದ ಕೊಳವೆ ತೆಗೆದುಕೊಂಡು ಅಡುಗೆಮನೆಗೆ ಹೋದರು. ಒಂದು ವಾರದಿಂದ ಯಾರೂ ಊದಿರದ ಕೋಸು ಕಾಯುತ್ತಿತ್ತು. ಕೊಳವೆಯನ್ನು ಪೀಪಾಯಿಯ ತಳಕ್ಕಿಳಿಸಿ ಉಸಿರು ತುಂಬಿ ಊದಿದರು. ಗುಳುಗುಳು ಸದ್ದಿನೊಂದಿಗೆ ಸಬ್ಬಸಿಗೆಯ ಘಮ ಮನೆಯೆಲ್ಲ ಹರಡಿತು.

“ಎರಡನೇದಕ್ಕೆ ನೀನು ಬಾರಮ್ಮ, ಪತ್ತೇದಾರಿಣಿ,” ಅಂತ ಕರೆದರು. “ಜೋರಾಗಿ ಊದಬೇಕು.”

ಕ್ರೀನಾ ಡೈರಿ ಮುಚ್ಚಿಟ್ಟು ಎದ್ದಳು.