ಅಕ್ಕವ್ವನ ಮೊದಲ ಕಾಯಿ

ನಲವತ್ತು ವರ್ಷದ ಹಿಂದೆ ನೇಮಣ್ಣ ಅಕ್ಕವ್ವನಿಗೊಂದು ಮಾತು ಕೊಟ್ಟಿದ್ದ. ಕಾಯಿಪಲ್ಲೆ ಬೆಳೆದು ಹೊಟ್ಟೆ ಹೊರೆಯುತ್ತಿದ್ದ ಆಕೆಯ ತುಂಡು ನೆಲವನ್ನು ಮನೆ ಕಟ್ಟಿಸಲು ತೆಗೆದುಕೊಂಡಾಗ, "ಈ ಮಣ್ಣಾಗ ಏನ ಬೆಳದ್ರೂ ಮೊದಲ ಕಾಯಿ ನಿನಗ ಬೇ" ಅಂದಿದ್ದ. ಮನೆ ಎದ್ದಿತು. ಬಾಡಿಗೆಗೆ ಬಂದ ಗೋರಾ ಸಾಹೇಬನಿಗಾಗಿ ಅಂಗಳದ ತುಂಬ ಕರಕಿ ಹುಲ್ಲು ಹಬ್ಬಿಸಿದ. ಕಾಯಿ ಬಿಡುವ ಗಿಡವೇ ಇಲ್ಲದ ಮೇಲೆ ಕೊಡುವ ಮಾತೆಲ್ಲಿ? ಅಕ್ಕವ್ವ ಕಣಕುಂಬಿಯ ಮಾಟಗಾರನಿಂದ ತಾಮ್ರದ ತಗಡು ಬರೆಸಿ ತಂದಳು, ಆ ಹುಲ್ಲಿನಡಿ ಹುಗಿದಳು. ಆ ವರ್ಷವೇ ಸತ್ತಳು.

ಖಾನಾಪುರದಿಂದ ಬದಲಿಯಾಗಿ ಬೆಳಗಾವಿಗೆ ಬಂದ ಕಾರಕೂನ ಗುರುಪುತ್ರಪ್ಪನಿಗೆ ಇದನ್ನೆಲ್ಲ ಮನೆಯೊಡತಿ ಚಂಪಾಬಾಯಿ, ನೇಮಣ್ಣನ ವಿಧವೆ ಸೊಸೆ, ಬಾಡಿಗೆಗೆ ಕೊಡುವ ದಿನವೇ ಹೇಳಿ, ಅಂಗಳ ಅಗೆಯಬಾರದು, ಹುಲ್ಲಿಗೆ ದಿನಾ ನೀರು ಹಾಕಬೇಕು ಎಂದು ಕರಾರು ಮಾಡಿದ್ದಳು. ಅವನು ನಕ್ಕ.

"ಬಾಯಾರ, ನೀವು ಜೈನರು ಗಡ್ಡಿ ತಿನ್ನಂಗಿಲ್ಲ, ನೆಲಾ ಅಗದ್ರ ಹುಳಾ ಸಾಯ್ತಾವ ಅಂತೀರಿ. ಅದನ್ನ ನೆಟ್ಟಗ ಹೇಳ್ರಿ. ಸತ್ತಾಕೀನ ಯಾಕ ನಡುವ ತರ್ತೀರಿ?"

"ಗಡ್ಡಿ ಮಾತಲ್ಲೋ ತಮ್ಮಾ," ಅಂದಳು ಮುದುಕಿ. "ಆಕಿ ಕೇಳೂದು ಕಾಯಿ."

ಆರು ತಿಂಗಳು ಅವನು ಹುಲ್ಲಿಗೆ ನೀರು ಹೊತ್ತ. ಕಚೇರಿಯಲ್ಲಿ ಬೈಸಿಕೊಂಡು ಬಂದು, ದನಕ್ಕೂ ಹಾಕದ ಆ ಕರಕಿಗೆ ದಿನಾ ಹನ್ನೆರಡು ಕೊಡ. ಒಳಗೆ ಏಳು ವರ್ಷದ ಮಗಳು ಕಾಂತಾ, ವಿಷಮಜ್ವರದಿಂದ ಎದ್ದವಳು, ಮೂಳೆಯಾಗಿ ಮಲಗಿದ್ದಳು. ಎಳೇ ಕಾಯಿಪಲ್ಲೆ ಹಾಕಿ ಎಂದಿದ್ದರು ವೈದ್ಯರು. ಕಚೇರಿ ಬಿಟ್ಟು ಅವನು ಪೇಟೆ ಮುಟ್ಟುವ ಹೊತ್ತಿಗೆ ಬಾಡಿದ ಸೊಪ್ಪು ಬಿಟ್ಟರೆ ಏನೂ ಉಳಿದಿರುತ್ತಿರಲಿಲ್ಲ. ಒಂದು ರವಿವಾರ ಸಿಟ್ಟು ನೆತ್ತಿಗೇರಿತು. ಹುಲ್ಲು ಕೆತ್ತಿ ಒಗೆದ. ಸಲಿಕೆಗೆ ಸಿಕ್ಕ ಹಸಿರುಗಟ್ಟಿದ ತಗಡನ್ನು ಗಟಾರಕ್ಕೆ ಎಸೆದ. ಮುದುಕಿಯ ಮನಸ್ಸು ನೋಯಬಾರದೆಂದು ಗಡ್ಡೆಯ ಜಾತಿ ಬಿಟ್ಟು ಬದನೆ ಹಚ್ಚಿದ. ತಾನು ದೊಡ್ಡ ಮನಸ್ಸು ಮಾಡಿದೆನೆಂದೇ ತಿಳಿದ.

ಬಿಸಿಲಿನಲ್ಲೂ ಆ ಮಣ್ಣು ನೀರು ಬೇಡಲಿಲ್ಲ. ಬದನೆಯ ಮಡಿಯ ಮೇಲೆ ಹಕ್ಕಿ ಇಳಿಯಲಿಲ್ಲ. ಸಂಜೆಯಾದರೆ ಸುಟ್ಟ ಕೂದಲಿನ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು.

ಮೊದಲು ಬಿಟ್ಟದ್ದು ಒಂದೇ ಕಾಯಿ, ಮೆಟ್ಟಿಲ ಬಾಜೂದ ಗಿಡದಲ್ಲಿ. ಹೆಂಡತಿ ಸಂಗವ್ವ ಅವನ ಕೈ ಹಿಡಿದಳು.

"ಆಕಿ ಪಾಲು ಆಕಿಗೆ ಬಿಡೂಣ್ರಿ. ನಾಲ್ಕ ದಿನಕ್ಕ ಮತ್ತ ಬಿಡ್ತಾವ."

"ನೀರ ಹೊತ್ತಾವ ನಾನು. ನನ್ನ ಕೂಸು ಮೊದಲ ಉಣ್ಣಲಿ."

ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಕಲಸಿ, ರೊಟ್ಟಿಯೊಂದಿಗೆ ತಾನೇ ಉಣಿಸಿದ. ಎಷ್ಟೋ ತಿಂಗಳ ಮೇಲೆ ಕಾಂತಾ ತಾಟು ಬಳಿದು ಉಂಡಳು. ಚಂಪಾಬಾಯಿಯ ಮುಚ್ಚಿದ ಬಾಗಿಲ ಕಡೆ ನೋಡಿ ಅವನು ಮೀಸೆಯಡಿ ನಕ್ಕ.

ದೀಪ ಹಚ್ಚುವ ಹೊತ್ತಿಗೆ ಮಗಳು ಮಲಗಿದಲ್ಲಿಂದಲೇ ಅಂದಳು: "ಅಪ್ಪಾ, ಅಂಗಳದಾಗ ಯಾರೋ ಆಯಿ ಬಂದಾಳ. ಹೊಟ್ಟ್ಯಾಗಿಂದು ಕೊಡು ಅನ್ನಾಕತ್ತಾಳ."

ಅವನು ಕಂದೀಲು ಹಿಡಿದು ಹೊರಬಂದ. ಯಾರೂ ಇಲ್ಲ. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಮಣ್ಣಿನೊಳಗೆ ಸರಸರ ಸದ್ದು. ಕಂದೀಲು ಆರಿತು. ಕತ್ತಲಲ್ಲಿ ಏನೋ ಅವನ ಮೊಣಕಾಲು ಸವರಿ ಮುಂದೆ ಹೋಯಿತು. ತಣ್ಣಗೆ. ಮಗುವಿನಷ್ಟು ಎತ್ತರ.

"ಕಾಂತಾ."

ಒಳಗೆ ಸಂಗವ್ವ ಚೀರಿದಳು. ಹಾಸಿಗೆ ಖಾಲಿ.

ಅವನು ಮಡಿಗೆ ಬಿದ್ದ. ಕೈಯಿಂದಲೇ ಅಗೆದ. ಬೇರು. ಮತ್ತೆ ಬೇರು. ಕೂದಲಿನಂತೆ ಬೆರಳಿಗೆ ಸುತ್ತುವ ಬೇರು. ಬಳೆ ಸಿಕ್ಕಿತು. ಬಳೆಯೊಳಗೆ ಪುಟ್ಟ ಕೈ. ಬೆಚ್ಚಗಿತ್ತು. ಹಿಡಿದ. ಎಳೆದ. ಕೆಳಗಿನಿಂದ ಯಾರೋ ಎಳೆದರು. ಬಲವಾಗಿ. ಬಳೆ ಒಡೆಯಿತು. ಕೈ ಜಾರಿತು. ಮಣ್ಣು ಮುಚ್ಚಿಕೊಂಡಿತು.

ಓಣಿಯ ಜನ ಎರಡು ಆಳು ಆಳ ಅಗೆದರು. ಬರೀ ಮಣ್ಣು.

ಮೊದಲ ಕಾಯಿ ಅಕ್ಕವ್ವನಿಗೆ ಸಂದಿತ್ತು. ನೇಮಣ್ಣ ಕೊಟ್ಟ ಮಾತು ನಡೆದಿತ್ತು.