ಬುಜ್ಜಿ ಸೊಪ್ಪು ತಿಂದ ಸಂಜೆ

"ಬುಟ್ಟಿ ಬಿಡಿ."

ಧನಶ್ರೀ ಬಿಡಲಿಲ್ಲ. ಕೋಲಾರದ ಆ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಬುಟ್ಟಿಯ ಒಂದು ಕಡೆ ಡಾಕ್ಟರ್ ಅಮರನಾಥ್ ಹಿಡಿದಿದ್ದರೆ, ಇನ್ನೊಂದು ಕಡೆ ಇವಳು! ಒಳಗೆ ಅವಳ ಬಿಳಿ ಮೊಲ ಬುಜ್ಜಿ.

ಹೆಣ್ಣು ಮೊಲಕ್ಕೆ ವಯಸ್ಸಾದಂತೆ ಗರ್ಭಕೋಶದಲ್ಲಿ ಗಡ್ಡೆ ಬೆಳೆಯಬಹುದು, ಈಗಲೇ ಆಪರೇಷನ್ ಮಾಡಿಸಿ ಅದನ್ನು ತೆಗೆಸಿಬಿಡಿ ಎಂದು ಹೇಳಿದ್ದವನು ಅವನೇ.

"ಬದುಕುತ್ತೆ ಅಂತ ಮಾತು ಕೊಡಿ."

"ಮಾತು ಕೊಡಕ್ಕಾಗಲ್ಲ. ಹುಷಾರಾಗಿ ಮಾಡ್ತೀನಿ."

ಎಂಥ ಕಲ್ಲು ಮನಸ್ಸು... ಅಂದುಕೊಂಡಳು. ನಮ್ಮ ಧನಶ್ರೀಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ಆಪರೇಷನ್ ಸಲೀಸಾಗಿ ಮುಗಿಯಿತು. ಬೆಚ್ಚಗಿಡಿ, ಹೊಲಿಗೆ ಕಚ್ಚದಂತೆ ನೋಡಿಕೊಳ್ಳಿ, ತಿನ್ನಿಸಿ ಎಂದು ಹೇಳಿ ಕಳಿಸಿದ.

ಹುತ್ತೂರಿನಲ್ಲಿ ಅವಳದು ರೇಷ್ಮೆ ಹುಳು ಸಾಕುವ ಮನೆ. ಪೊರೆ ಬಿಡುವ ಮುಂಚೆ ಹುಳು ಅಲುಗಾಡದೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಚಿಕ್ಕಂದಿನಿಂದ ಕೈಗೆ ಬಂದ ಪಾಠ. ಬುಜ್ಜಿಯೂ ಮೂಲೆಯಲ್ಲಿ ಹಾಗೇ ಮುದುಡಿ ಕೂತಾಗ ಅಮ್ಮ ಶ್ಯಾಮಲಮ್ಮ ಅದನ್ನೇ ನೆನಪಿಸಿದರು. ಇವಳು ಸೊಪ್ಪು ಎತ್ತಿಟ್ಟು, ಸದ್ದಾಗದಂತೆ ಬಾಗಿಲು ಹಾಕಿದಳು. ಪ್ರೀತಿಯಿಂದಲೇ!

ಮರುದಿನ ಬೆಳಿಗ್ಗೆಯೂ ಬುಜ್ಜಿ ಏಳದಿದ್ದಾಗ ಗಾಬರಿಯಿಂದ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಹುಳದ ಥರ ಮೊಲನ ಉಪವಾಸ ಕೂರಿಸ್ತಾರೇನ್ರೀ? ಕರುಳು ನಿಂತುಹೋದ್ರೆ ಜೀವಕ್ಕೇ ಅಪಾಯ!"

ಫೋನ್ ಕಟ್ಟಾಯಿತು. ನನ್ನ ಕೈಯಾರೆ ಕೊಂದೆನಾ... ಆ ಮನುಷ್ಯನಿಗೆ ನನ್ನ ದನಿ ಕೇಳುವುದೂ ಬೇಡವಾಯಿತೇ... ಧನಶ್ರೀ ಬುಜ್ಜಿಯ ಪಕ್ಕದಲ್ಲೇ ಕೂತಳು.

ಆದರೆ ಫೋನ್ ಇಟ್ಟವನು ನೇರ ಬೈಕ್ ಹತ್ತಿದ್ದ. ಬಂದವನೇ ಬುಜ್ಜಿಯ ಹೊಟ್ಟೆ ಮುಟ್ಟಿ ನೋಡಿ, ನೋವಿಗೆ ಇಂಜೆಕ್ಷನ್ ಕೊಟ್ಟ. ಮೆತ್ತಗೆ ಕಲಸಿದ ಆಹಾರವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ, ಬಾಯಿಯ ಪಕ್ಕದಿಂದ ಚೂರು ಚೂರೇ ತಿನ್ನಿಸುವುದನ್ನು ಅವಳಿಗೂ ಕಲಿಸಿದ. ಬೈಗುಳಕ್ಕೆ ಕಾದಿದ್ದವಳಿಗೆ ಒಂದು ಮಾತೂ ಬೀಳಲಿಲ್ಲ.

"ತಪ್ಪು ನಂದೂ ಇದೆ. ತಿನ್ನಿಸಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ಫೋನಲ್ಲಿ ರೇಗಿದ್ದು ಭಯಕ್ಕೆ."

ಅವಳ ಕಣ್ಣು ತುಂಬಿತು. ಇಷ್ಟು ದೊಡ್ಡ ಮನಸ್ಸನ್ನೇ ಕಲ್ಲು ಅಂದೆನಲ್ಲ...

ಸಂಜೆ ಬುಜ್ಜಿ ಹಿಪ್ಪುನೇರಳೆ ಎಲೆಯ ಅಂಚು ಕಡಿಯಿತು. ಕೊಂಚ ಹೊತ್ತಿಗೆ ಹಿಕ್ಕೆಯನ್ನೂ ಹಾಕಿತು; ಕರುಳು ಮತ್ತೆ ಕೆಲಸ ಶುರು ಮಾಡಿತ್ತು. ಮೊಲದ ಹಿಕ್ಕೆ ನೋಡಿ ಆನಂದದಿಂದ ಅತ್ತವಳು ಹುತ್ತೂರಿನಲ್ಲಿ ಇವಳೊಬ್ಬಳೇ ಇರಬೇಕು! ಶ್ಯಾಮಲಮ್ಮ ಕೈಮುಗಿದು, ಮುದ್ದೆ ಊಟ ಬಡಿಸದೆ ಡಾಕ್ಟರನ್ನು ಕಳಿಸಲಿಲ್ಲ.

ಆಮೇಲೆ ಹೊಲಿಗೆ ನೋಡುವ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ. ಋಣ ಅಂದುಕೊಂಡಿದ್ದು ಯಾವಾಗ ಪ್ರೀತಿಯಾಯಿತೋ, ಅವಳಿಗೇ ತಿಳಿಯಲಿಲ್ಲ. ಬೈಕಿನ ಸದ್ದಿಗೆ ಬುಜ್ಜಿಗಿಂತ ಮೊದಲು ಇವಳ ಕಿವಿ ನಿಮಿರುತ್ತಿತ್ತು.

ಕೊನೆಗೊಂದು ದಿನ ಅವನು ಬುಜ್ಜಿಯನ್ನು ಕೆಳಗಿಳಿಸಿ, ಗಾಯ ಪೂರ್ತಿ ಕೂಡಿದೆ ಎಂದ. ಸಂತೋಷದ ಮಾತೇ. ಆದರೂ ಅವಳಿಗೆ ನಗು ಬರಲಿಲ್ಲ.

"ಹಂಗಾದ್ರೆ... ಇನ್ನು ಬರಲ್ವಾ?"

"ಇಲ್ಲಿ ಡಾಕ್ಟರಿಗೆ ಇನ್ನೇನು ಕೆಲಸ?" ಅವನ ದನಿಯೂ ಸಣ್ಣದಾಗಿತ್ತು.

ಧನಶ್ರೀ ತಲೆಯೆತ್ತಿ ಅವನನ್ನೇ ನೋಡಿದಳು.

"ಡಾಕ್ಟರ್ ಬರೋದು ಬೇಡ. ನೀವು ಬನ್ನಿ."

ಅವನು ಬಗ್ಗಿ ಬುಜ್ಜಿಯ ಕಿವಿ ಸವರಿದ. ಆಮೇಲೆ ಮೆಲ್ಲಗೆ ಕೇಳಿದ.

"ನಮ್ಮಮ್ಮನ್ನೂ ಕರ್ಕೊಂಡು ಬರ್ಲಾ?"

"ಬೇಗ ಕರ್ಕೊಂಡು ಬನ್ನಿ..."