ಮುಳ್ಳೂರಿನ ಬಾಗಿಲಿಂದ ತಿರುಗಿ ಹೋದವನು

"ಮಹದೇವಣ್ಣಂಗೆ ಜ್ವರ ಮೇಡಂ. ಇವತ್ತು ಗೈಡ್ ನಾನೇ."

ಬಸ್ಸಿನ ಮೆಟ್ಟಿಲ ಮೇಲೆ ಕೋಮಲಳ ಕಾಲು ಹಾಗೇ ನಿಂತುಬಿಟ್ಟಿತು.

ಆ ದನಿ...

ತಲೆ ಎತ್ತಿ ನೋಡಿದಳು. ಹಸಿರು ಅಂಗಿ, ಕೊರಳಲ್ಲಿ ದುರ್ಬೀನು, ಬಿಸಿಲಿಗೆ ಇನ್ನಷ್ಟು ಕಪ್ಪಾದ ಮುಖ. ಮಾದೇಶ!

ಅವನೂ ಆಗಷ್ಟೇ ಅವಳ ಮುಖ ನೋಡಿದ್ದ. 

ಈ ಮನುಷ್ಯ ಎದುರಿಗೆ ಸಿಕ್ಕರೆ ಏನೆಲ್ಲ ಕೇಳಬೇಕೆಂದು ಅವಳು ಮೂರು ವರ್ಷದಿಂದ ಮನಸ್ಸಿನಲ್ಲೇ ಜಗಳ ಆಡಿದ್ದಳು. ಈಗ ಸಿಕ್ಕಿದ್ದಾನೆ. ಆದರೆ ಹಿಂದೆ ಒಂದು ಬಸ್ಸಿನಷ್ಟು ಜನ ಇಳಿಯಲು ಕಾಯುತ್ತಿದ್ದಾರೆ!

"ಎಂತ ಮಾರಾಯ್ತಿ, ಇಳಿಲಿಕ್ಕೆ ಜಾಗ ಕೊಡು. ಕಾಲು ಜೋಮು ಹಿಡಿದಿದೆ ನನಗೆ."

ಹಾಗಂದವರು ಮಂಗಳೂರಿನ ನಿವೃತ್ತ ಟೀಚರ್. ಬಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಗಟ್ಟಿ ಬಾಯಿ.

ಕೋಮಲ ಪಕ್ಕಕ್ಕೆ ಸರಿದಳು. ಎದೆ ಹೊಡೆದುಕೊಳ್ಳುತ್ತಿತ್ತು. ಪ್ರೀತಿಯಿಂದಲ್ಲ... ಕೋಪದಿಂದ!

ಅವಳು ಮಂಗಳೂರಿನ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಮಂಗಳೂರು ಬಿಟ್ಟು, ಬೆಳಗ್ಗೆ ಯಳಂದೂರು ಮುಟ್ಟಿ, ಬಿಳಿಗಿರಿರಂಗನ ಬೆಟ್ಟದ ಕಾಡು ನೋಡಿ, ಸಂಜೆಗೆ ವಾಪಸ್ ಹೊರಡುವ ಒಂದು ದಿನದ ಪ್ರವಾಸ. "ನಿನ್ನ ಊರಿನ ಕಡೆಯೇ ಅಲ್ವಾ, ನೀನೇ ಕರ್ಕೊಂಡು ಹೋಗು" ಎಂದು ಮಾಲೀಕರು ಅವಳನ್ನೇ ಕಳಿಸಿದ್ದರು.

ಊರು ಅಂದರೆ ಕೊಳ್ಳೇಗಾಲದ ಹತ್ತಿರದ ಮುಳ್ಳೂರು. ಅಪ್ಪ ಗುರುಪಾದಸ್ವಾಮಿ, ನದಿ ಬಯಲಿನಲ್ಲಿ ಗದ್ದೆ ಇದ್ದ ದೊಡ್ಡ ರೈತ. ಮಾದೇಶನದು ಹನೂರಿನ ಆಚೆ, ಕಾಡಂಚಿನ ಹೂಗ್ಯಂ. ತಾಯಿ ದೊಡ್ಡಮಾದಮ್ಮ ಕೂಲಿ ಮಾಡಿ ಓದಿಸಿದ ಮಗ. ಇಬ್ಬರೂ ಕೊಳ್ಳೇಗಾಲದ ಕಾಲೇಜಿನಲ್ಲಿ ಜೊತೆಗೆ ಓದಿದವರು. ಜಾತಿ ಬೇರೆ, ಅಂತಸ್ತು ಬೇರೆ. ಮನಸ್ಸು ಮಾತ್ರ ಒಂದಾಗಿತ್ತು.

"ಕದ್ದು ಓಡೋಗೋದು ಬ್ಯಾಡ ಕೋಮಲ. ಭಾನುವಾರ ನಾನೇ ನಿಮ್ಮನೆಗೆ ಬಂದು ನಿಮ್ಮಪ್ಪನ್ನ ಕೇಳ್ತೀನಿ," ಎಂದಿದ್ದ.

ಆ ಭಾನುವಾರ ಅವಳು, ಅವ್ವನಿಗೆ ಮಾತ್ರ ವಿಷಯ ಹೇಳಿ, ಬೆಳಗಿನಿಂದ ಸಂಜೆಯವರೆಗೆ ಕಾದಳು. ಅವನು ಬರಲಿಲ್ಲ. ಫೋನ್ ಮಾಡಿದಳು... ಸ್ವಿಚ್ ಆಫ್. ಮಾರನೆಯ ದಿನವೂ, ಅದರ ಮಾರನೆಯ ದಿನವೂ! ತಮಿಳುನಾಡಿನ ಕಡೆ ಕೆಲಸಕ್ಕೆ ಹೊರಟುಹೋದನಂತೆ ಎಂದು ಯಾರೋ ಹೇಳಿದರು.

ಹೆದರಿ ಓಡಿಹೋದ ಹೇಡಿ!

ಆ ಅವಮಾನ ತಡೆಯಲಾರದೆ ಅವಳು ಮಂಗಳೂರು ಸೇರಿದ್ದಳು.

*

ಸಫಾರಿ ವ್ಯಾನಿನಲ್ಲಿ ಮಾದೇಶ ಡ್ರೈವರ್ ಪಕ್ಕ ನಿಂತ. ಕೋಮಲ ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

"ಗೈಡೇ, ಈ ಕಾಡಿನಲ್ಲಿ ಹುಲಿ ಉಂಟಲ್ಲ? ನಮಗೆ ತೋರಿಸ್ತೀರಲ್ಲ?" ಟೀಚರ್ ಕೇಳಿದರು.

"ಹುಲಿ ಅದೆ ಟೀಚರಮ್ಮ. ಆದ್ರೆ ಅದಕ್ಕೆ ನಮ್ಮನ್ನ ನೋಡ್ಬೇಕು ಅನ್ನಿಸ್ಬೇಕಲ್ಲ!"

ಎಲ್ಲರೂ ನಕ್ಕರು. ಕೋಮಲ ನಗಲಿಲ್ಲ. 'ಮಾತು ಚೆನ್ನಾಗಿ ಬರುತ್ತೆ... ಮಾತು ಮಾತ್ರ!' ಒಳಗೇ ಹಲ್ಲು ಕಚ್ಚಿದಳು.

ಬಿದಿರು ಮೆಳೆಯ ತಿರುವಿನಲ್ಲಿ ಒಂದು ಕಾಡೆಮ್ಮೆ ಎದುರಾಯಿತು. ಅದರ ಹೊಟ್ಟೆಯ ಕೆಳಗೆ ಪುಟ್ಟ ಕರು. ವ್ಯಾನ್ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ, ಹಿಂದಿನ ಸೀಟಿನ ಯುವಕನೊಬ್ಬ ಮೊಬೈಲ್ ಹಿಡಿದು ಬಾಗಿಲು ತೆರೆದು ಕೆಳಗೆ ಹಾರಿಯೇ ಬಿಟ್ಟ!

ಎಮ್ಮೆ ತಲೆ ತಗ್ಗಿಸಿತು.

ಮಾದೇಶ ಎರಡೇ ನೆಗೆತಕ್ಕೆ ಬಾಗಿಲು ಮುಟ್ಟಿ, ಅವನ ಕಾಲರ್ ಹಿಡಿದು ಒಳಕ್ಕೆ ಎಳೆದು ಹಾಕಿದ. "ಡ್ರೈವರ್, ಓಡ್ಸು!" ಎಂದು ಕೂಗಿ, ಯುವಕನ ಕಡೆ ತಿರುಗಿದ. "ಪ್ರಾಣ ಬ್ಯಾಡ್ವೇನಯ್ಯಾ ನಿಂಗೆ? ಕರು ಅದೆ ಅಂತ ಕಾಣ್ಸಲ್ವಾ?"

ಯುವಕನ ಮುಖ ಕೆಂಪಾಯಿತು. "ಕಾಲರ್ ಹಿಡೀತೀಯಾ? ಕೋಮಲ ಮೇಡಂ! ಇವನ ಮೇಲೆ ಕಂಪ್ಲೇಂಟ್ ಬರೀಬೇಕು. ಕೆಲಸದಿಂದ ತೆಗೆಸ್ಬೇಕು. ನೀವೇ ಸಾಕ್ಷಿ!"

ಎಲ್ಲರ ಕಣ್ಣೂ ಅವಳ ಮೇಲೆ. ಮಾದೇಶನ ಕಣ್ಣು ಕೂಡ.

ಒಂದು ಮಾತು... ಒಂದೇ ಒಂದು ಮಾತು ಹೇಳಿದರೆ ಸಾಕು. ಇಷ್ಟು ದಿನ ನುಂಗಿದ ಕಣ್ಣೀರಿಗೆಲ್ಲ ಬಡ್ಡಿ ಸಮೇತ ಲೆಕ್ಕ ಚುಕ್ತಾ!

ಅವಳು ಎದ್ದು ನಿಂತಳು.

"ಅವರು ಮಾಡಿದ್ದು ಸರಿ. ಕಂಪ್ಲೇಂಟ್ ಬರೆಯೋದಾದರೆ ನಿಮ್ಮ ಮೇಲೆ ಬರೀತೀನಿ. ಕೂತ್ಕೊಳ್ಳಿ!"

"ಅದು ಸರಿ," ಎಂದರು ಟೀಚರ್.

ಕಾಡಿನ ನಡುವಿನ ಕ್ಯಾಂಪಿನಲ್ಲಿ ಜನ ಟೀ ಕುಡಿಯಲು ಇಳಿದಾಗ ಮಾದೇಶ ಅವಳ ಹತ್ತಿರ ಬಂದ.

"ಥ್ಯಾಂಕ್ಸ್ ಮೇಡಂ."

"ನಿನ್ನ ಮುಖ ನೋಡಿ ಹೇಳಿದ್ದಲ್ಲ. ನ್ಯಾಯ ನೋಡಿ ಹೇಳಿದೆ. ನಾನು ನಿನ್ನ ಹಾಗಲ್ಲ!"

ಅವನು ತಲೆ ತಗ್ಗಿಸಿದ. ಮೆಲ್ಲಗೆ ಕೇಳಿದ. "ಮನೇವ್ರು... ಚೆನ್ನಾಗವ್ರಾ?"

"ಅಪ್ಪ ಅವ್ವ ಚೆನ್ನಾಗಿದ್ದಾರೆ. ನಿನಗ್ಯಾಕೆ?"

"ಅವ್ರಲ್ಲ. ನಿಮ್ಮ ಯಜಮಾನ್ರು."

ಕೋಮಲ ಟೀ ಲೋಟ ಪಕ್ಕಕ್ಕೆ ಕುಕ್ಕಿದಳು. "ಯಾವ ಯಜಮಾನ್ರು? ಗಾಯದ ಮೇಲೆ ಉಪ್ಪು ಸುರಿಯೋಕೆ ಬಂದಿದ್ದೀಯಾ? ನನಗೆ ಮದುವೆ ಆಗಿದೆ ಅಂತ ನಿನಗ್ಯಾರು ಹೇಳಿದ್ದು?"



"ಆಗಿಲ್ವಾ...? ಅಂಗಾದ್ರೆ ಅವತ್ತು ನಿಮ್ಮವ್ವ ಅಂದಿದ್ದು?"

"ಯಾವತ್ತು?"

"ಆ ಭಾನುವಾರ ಕೋಮಲ! ನಾನು ಬಂದಿದ್ನಲ್ಲ, ನಿಮ್ಮನೆ ಬಾಗ್ಲಿಗೆ!"

"ಸುಳ್ಳು! ನೀನು ಬರಲೇ ಇಲ್ಲ. ನಾನು ಬೆಳಗಿನಿಂದ..."

 ಆ ಮಧ್ಯಾಹ್ನ ಅವ್ವ ಅವಳನ್ನು ಸೋದರತ್ತೆಯ ಮನೆಗೆ ಕಳಿಸಿದ್ದಳು. 'ಈಗ ಓಗಿ ಈಗ ಬಂದ್ಬುಡು ಕಣವ್ವ' ಅಂದಿದ್ದಳು...

*

ಊಟದ ವ್ಯವಸ್ಥೆ ಯಳಂದೂರಿನ ಹತ್ತಿರದ ಒಂದು ತೋಟದಲ್ಲಿತ್ತು. ಸಫಾರಿ ಮುಗಿಸಿ ಬಸ್ ಅಲ್ಲಿಗೆ ಬಂದಾಗ ಗೇಟಿನ ಬಳಿ ಒಬ್ಬ ಹೆಂಗಸು ಡಬ್ಬಿ ಹಿಡಿದು ನಿಂತಿದ್ದಳು. ಮಗಳು ಇಷ್ಟು ಹತ್ತಿರ ಬರುತ್ತಾಳೆಂದು ಕೇಳಿ, ಒಬ್ಬಟ್ಟು ಮಾಡಿಕೊಂಡು ಮುಳ್ಳೂರಿನಿಂದ ಆಟೋದಲ್ಲಿ ಬಂದಿದ್ದ ಶಂಕರಮ್ಮ.

"ಅಯ್ಯೋ, ಎಷ್ಟು ಸೊರಗಿದ್ದೀಯ ಕಣವ್ವ..." ಎಂದು ಓಡಿಬಂದವಳ ಕಣ್ಣು ಮಗಳ ಹಿಂದೆ ಇಳಿಯುತ್ತಿದ್ದ ಮಾದೇಶನ ಮೇಲೆ ಬಿತ್ತು. ಅವಳು ಅಲ್ಲೇ ನಿಂತು ಮುಖ ತಿರುಗಿಸಿದಳು.

ಆ ಮುಖ ನೋಡಿದ ಮೇಲೆ ಕೋಮಲಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅವ್ವ, ಇವನು ಅವತ್ತು ಬಂದಿದ್ನಾ?"

ಶಂಕರಮ್ಮ ಸೆರಗಿನ ತುದಿ ಹಿಡಿದಳು.

"ಬಂದಿದ್ನಾ ಇಲ್ವಾ? ಹೇಳು!"

"ಬಂದಿದ್ದ ಕಣವ್ವ..."

"ಏನಂದೆ ಅವನಿಗೆ?"

"ನನ್ ಮಗಳಿಗೆ ಬ್ಯಾರೆ ಗಂಡು ಗೊತ್ತು ಮಾಡಿದ್ದೀವಿ, ಅವಳೇ ಒಪ್ಕಂಡವ್ಳೆ, ನಿನ್ ಮುಖ ನೋಡಾಕೂ ಇಷ್ಟ ಇಲ್ವಂತೆ ಅಂದ್ಬುಟ್ಟೆ." ಶಂಕರಮ್ಮನ ಕಣ್ಣಲ್ಲಿ ನೀರು ತುಂಬಿತು. "ನಿಮ್ಮಪ್ಪ ಗದ್ದೆಯಿಂದ ಬರೋ ಒತ್ತು. ಅವ್ರ ಸಿಟ್ಟು ನಿಂಗೊತ್ತಿಲ್ವಾ? ಈ ಹುಡುಗನ ಮ್ಯಾಲೆ ಕೈ ಮಾಡ್ಬುಟ್ರೆ, ಊರೆಲ್ಲಾ ಸೇರ್ಬುಟ್ರೆ... ಎದ್ರಿಕೆ ಆಗೋಯ್ತು ಕಣವ್ವ."

"ಹೆದರಿಕೆ ನಿನಗಾಯ್ತು. ಮಾತು ನನ್ನ ಬಾಯಿಗೆ ಹಾಕಿದೆ! 'ಅವಳೇ ಒಪ್ಕೊಂಡಿದ್ದಾಳೆ' ಅಂತ! ಮೂರು ವರ್ಷ ಫೋನಿನಲ್ಲಿ ನಾನು ಅಳೋದು ಕೇಳಿದೆಯಲ್ಲ ಅವ್ವ, ಒಂದಿನ... ಒಂದಿನ ನಿಜ ಹೇಳಬೇಕು ಅನ್ನಿಸಲಿಲ್ವಾ?"

ಎಲೆ ಮುಂದೆ ಕೂತಿದ್ದ ಪ್ರವಾಸಿಗರ ಕೈ ನಿಂತುಹೋಗಿತ್ತು. ಕೋಮಲಳಿಗೆ ಅದರ ಪರಿವೆಯೇ ಇರಲಿಲ್ಲ.

"ಬಿಡು ಕೋಮಲ. ತಾಯಿ ಜೀವ, ಎದ್ರಿ ಅಂದವ್ರೆ..." ಎಂದ ಮಾದೇಶ.

ಅಷ್ಟೇ! ಅವಳ ಕೋಪ ಪೂರ್ತಿ ಅವನ ಕಡೆ ತಿರುಗಿತು.

"ನೀನು ಸುಮ್ನಿರು! ಅವ್ವನಾದರೂ ಹೆದರಿ ಹೇಳಿದಳು. ನೀನು? ಹೇಗೆ ನಂಬಿದೆ? ಮೂರು ವರ್ಷ ಜೊತೆಗೆ ಓದಿದವಳು, ಒಂದು ವಾರದಲ್ಲಿ ಬೇರೆಯವನನ್ನ ಒಪ್ಪಿಕೊಂಡಳು ಅಂದರೆ... ನಂಬಿಬಿಟ್ಟೆ! ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ!"

"ನಂಬ್ದೆ." ಅವನು ನೆಲ ನೋಡುತ್ತ ಅಂದ. "ಯಾಕಂದ್ರೆ ನನ್ ಒಳ್ಗೇ ಅದು ಇತ್ತು ಕೋಮಲ. ನಿಮ್ಮ ಆ ದೊಡ್ಡ ಬಾಗ್ಲು, ಆ ಜಗ್ಲಿ ನೋಡ್ದಾಗ್ಲೇ, 'ಇವಳು ಇದನ್ನೆಲ್ಲಾ ಬುಟ್ಟು ಹೂಗ್ಯಂಗೆ ಯಾಕೆ ಬಂದಾಳು' ಅನ್ಕಂಡೆ. ನಿಮ್ಮವ್ವ ಏಳಿದ್ದು ನಿಜವೇ ಇರ್ಬೇಕು ಅನ್ಸ್ತು. ಫೋನ್ ಆಫ್ ಮಾಡಿ ತಮಿಳ್ನಾಡು ಸೇರ್ಕಂಡೆ, ಈ ಗೈಡ್ ಕೆಲ್ಸ ಸಿಕ್ದ ಮ್ಯಾಲೇ ವಾಪಸ್ ಬಂದೆ."

"ಯಾಕೆ ಬರ್ತೀನಿ ಅಂತ ನಾನು ಹೇಳ್ತಿದ್ದೆ. ನನ್ನ ಬದುಕನ್ನ ನೀವಿಬ್ಬರೇ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಿದ್ರಲ್ಲ! ಅದು ನನ್ನ ಬದುಕು! ಯಾರಪ್ಪನ ಸ್ವತ್ತೂ ಅಲ್ಲ!"

ಮಾದೇಶ ಅವಳನ್ನೇ ದಿಟ್ಟಿಸಿದ. ಮೊದಲ ಸಲ ಅವನ ಕಣ್ಣಲ್ಲೂ ಕಿಡಿ ಕಾಣಿಸಿತು.

"ನೀನು ಹೂಗ್ಯಂಗೆ ಬಂದಿದ್ರೆ ನಮ್ಮವ್ವ ಬಾಗ್ಲು ಹಾಕ್ತಿರ್ನಿಲ್ಲ. ನೀನ್ಯಾಕೆ ಬರ್ನಿಲ್ಲ? ಮಾದೇಶ ಎದ್ರಿ ಓಡೋದ ಅಂತ ನೀನೂ ನಂಬ್ದಲ್ಲ!"

  ಹನೂರಿಗೆ ಬಸ್ಸಿತ್ತು. ಅಲ್ಲಿಂದ ಹೂಗ್ಯಂಗೂ ಇತ್ತು. ಅವಳು ಹತ್ತಿರಲಿಲ್ಲ. ಫೋನ್ ಹಿಡಿದು ಅತ್ತಿದ್ದಳು ಅಷ್ಟೆ.

"ಹೌದು..." ಅಂದಳು. "ನಾನೂ ಬರಬೇಕಿತ್ತು."

ಅವಳ ಕಣ್ಣಿಂದ ಆಗ ನೀರು ಇಳಿಯಿತು. ಅವನು ಕೈ ಚಾಚಿದ. ಇಷ್ಟು ಜನರ ಮುಂದೆ ಮುಟ್ಟಲಾರದೆ ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಹೇ, ಈಗ ಅತ್ತು ಎಂತ ಪ್ರಯೋಜನ?" ಟೀಚರ್ ಕೈ ತೊಳೆದುಕೊಂಡು ಬಂದೇಬಿಟ್ಟರು. "ನಿನ್ನ ಮನೆ ದೂರ ಉಂಟಾ?"

"ಇಲ್ಲ ಟೀಚರ್. ಕೊಳ್ಳೇಗಾಲದ ಹತ್ತಿರ."

"ಕೊಳ್ಳೇಗಾಲದ ಮೇಲೆ ಮೈಸೂರಿಗೆ ಹೋಗ್ಲಿಕ್ಕೆ ಆಗುದಿಲ್ವಾ? ಆಗ್ತದಲ್ಲ! ಹುಲಿಯಂತೂ ಕಾಣ್ಲಿಲ್ಲ. ನಿನ್ನ ಅಪ್ಪನನ್ನಾದ್ರೂ ನೋಡುವ!"

ಬಸ್ಸೆಲ್ಲ ಹೋ ಎಂದಿತು. ಕಾಲರ್ ಹಿಡಿಸಿಕೊಂಡಿದ್ದ ಯುವಕ ಕೂಡ, "ಹೋಗುವ ಮೇಡಂ," ಎಂದ ಸಣ್ಣ ದನಿಯಲ್ಲಿ.

ಕೋಮಲ ಮಾದೇಶನ ಕಡೆ ನೋಡಿದಳು. "ಬರ್ತೀಯಾ? ಅಥವಾ ಈಗಲೂ ಹೂಗ್ಯಂ ಬಸ್ ಹತ್ತುತ್ತೀಯಾ?"

ಅವನು ಬಸ್ ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಶಂಕರಮ್ಮ ಒಬ್ಬಟ್ಟಿನ ಡಬ್ಬಿ ಎದೆಗವಚಿಕೊಂಡು ಅವನ ಹಿಂದೆ ಕೂತಳು.

*

ಜಗಲಿಯ ಮೇಲೆ ಕೂತಿದ್ದ ಗುರುಪಾದಸ್ವಾಮಿ, ಬಸ್ಸಿನಿಂದ ಸಾಲಾಗಿ ಇಳಿಯುತ್ತಿದ್ದ ಜನರನ್ನು ನೋಡಿ ಎದ್ದೇ ನಿಂತರು.

"ಏನವ್ವ ಇದು, ದಿಬ್ಬಣ ಬಂದಂಗೆ!"

"ನಮ್ಮ ಪ್ರವಾಸದವರು ಅಪ್ಪ. ಇವನು ಮಾದೇಶ. ಹೂಗ್ಯಂ ದೊಡ್ಡಮಾದಮ್ಮನ ಮಗ." ಕೋಮಲ ಉಸಿರು ಎಳೆದುಕೊಂಡಳು. "ನಾನು ಮದುವೆ ಆಗಬೇಕು ಅಂದುಕೊಂಡಿದ್ದ ಹುಡುಗ. ಮೂರು ವರ್ಷದ ಹಿಂದೆ ನಿಮ್ಮನ್ನ ಕೇಳೋಕೆ ಈ ಬಾಗಿಲಿಗೆ ಬಂದಿದ್ದ. ಸುಳ್ಳು ಹೇಳಿ ವಾಪಸ್ ಕಳಿಸಿದ್ರು."

ಗುರುಪಾದಸ್ವಾಮಿಯ ವಿಭೂತಿ ಹಣೆಯ ಮೇಲೆ ನರ ಉಬ್ಬಿತು. "ಯಾರು ಕಳ್ಸಿದ್ದು?"

ಮಾದೇಶ ಬಾಯಿ ತೆರೆಯುವ ಮೊದಲೇ ಶಂಕರಮ್ಮ ಮುಂದೆ ಬಂದಳು. "ನಾನೇ ಕಣ್ರಿ. ನಿಮ್ಗೆ ಎದ್ರಿಕಂಡು ನಾನೇ ಕಳ್ಸ್ದೆ. ಇವತ್ತು ಎದ್ರಕಳಲ್ಲ. ಒಡೆಯಂಗಿದ್ರೆ ನನ್ನ ಒಡೀರಿ. ಈ ಮಕ್ಳ ಬುಟ್ಬುಡಿ."



ಗುರುಪಾದಸ್ವಾಮಿ ಹೆಂಡತಿಯನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಅವಳು ಅವರ ಮುಂದೆ ಹೀಗೆ ನಿಂತು ಮಾತಾಡಿದ್ದೇ ಇಲ್ಲ.

"ಬಾಗ್ಲಿಗೆ ಬಂದೋನ್ನ..." ಅವರ ದನಿ ಗುಡುಗಿತು. "ನನ್ ಮನೆ ಬಾಗ್ಲಿಗೆ ಬಂದೋನ್ನ ಒಂದ್ ಲೋಟ ನೀರು ಕೊಡ್ದೆ ಕಳ್ಸಿದ್ಯಾ? ನಮ್ಮಪ್ಪನ ಕಾಲ್ದಿಂದ ಈ ಮನೇಲಿ ಅಂಗೆ ಆಗಿತ್ತಾ?"

ಶಂಕರಮ್ಮ ತಬ್ಬಿಬ್ಬಾದಳು.

"ನಿಂತ್ಕಂಡು ಏನ್ ನೋಡ್ತೀಯಾ? ನೀರು ತಕಂಡು ಬಾ. ಎಲ್ರಿಗೂ!" ಎಂದು ಮಾದೇಶನ ಕಡೆ ತಿರುಗಿದರು. "ಕೂತ್ಕಳಯ್ಯ. ಅಲ್ಲಲ್ಲ, ಮೇಲೆ ಕೂತ್ಕ. ಅಂದ್ರೆ ನಾನು ಒಪ್ಕಂಡೆ ಅಂತ ಅಲ್ಲ! ಜಾತಿ ಬ್ಯಾರೆ, ಊರ್ಗೆ ಉತ್ರ ಏಳ್ಬೇಕು. ಬರೋ ಸೋಮವಾರ ನಿಮ್ಮವ್ವನ್ನ ಕರ್ಕಂಡು ಬಾ. ಕೂತ್ಕಂಡು ಮಾತಾಡಾಣ."

"ಬತ್ತೀನಿ ಸಾ," ಎಂದ ಮಾದೇಶ. ಅವನ ಕಣ್ಣು ತುಂಬಿತ್ತು.

ಟೀಚರ್ ಜೋರಾಗಿ ಚಪ್ಪಾಳೆ ತಟ್ಟಿದರು. ಗುರುಪಾದಸ್ವಾಮಿ ಅವರನ್ನು ದುರುಗುಟ್ಟಿ ನೋಡಿ, ಕೊನೆಗೆ ತಾವೇ ಅವರಿಗೆ ಚಾಪೆ ಹಾಸಿದರು.

*

ಹೊತ್ತು ಇಳಿಯುತ್ತಿತ್ತು. ಬಸ್ಸಿನ ಎಂಜಿನ್ ಶುರುವಾಗಿತ್ತು. ಜನರನ್ನೆಲ್ಲ ಮಂಗಳೂರು ಮುಟ್ಟಿಸುವ ಜವಾಬ್ದಾರಿ ಕೋಮಲಳದು. ಬಾಗಿಲ ಬಳಿ ಮಾದೇಶ ನಿಂತಿದ್ದ.

"ಸೋಮವಾರ ನಾನೂ ಬರ್ತೀನಿ," ಅಂದಳು. "ಈ ಸಲ ಯಾರೇ ಮಾತಾಡಿದರೂ ನಾನು ಅಲ್ಲೇ ಕೂತಿರ್ತೀನಿ."

"ಕೋಮಲ... ಒಂದು ಕೇಳ್ಲಾ?"

"ಕೇಳು."

"ನಿಮ್ಮಪ್ಪನ್ನ ಕೇಳ್ಬೇಕು, ನಿಮ್ಮವ್ವನ್ನ ಕೇಳ್ಬೇಕು ಅಂತಿದ್ನೇ ವಿನಾ, ನಿನ್ನನ್ನ ಬಾಯ್ಬುಟ್ಟು ಕೇಳೇ ಇರ್ನಿಲ್ಲ." ಅವನು ಅವಳ ಕಣ್ಣನ್ನೇ ನೋಡಿದ. "ನನ್ನ ಮದ್ವೆ ಆಯ್ತೀಯಾ?"



"ಆಗ್ತೀನಿ. ಆದರೆ ತಿಳ್ಕೋ, ನನ್ನ ಕೋಪ ಇನ್ನೂ ಇಳಿದಿಲ್ಲ!"

ಮಾದೇಶ ನಕ್ಕ. ಕಾಲೇಜಿನ ದಿನಗಳ ಅದೇ ನಗು.

"ಇರ್ಲಿ ಬುಡು. ಅದನ್ನೂ ಜೊತ್ಗೇ ಕರ್ಕಂಡು ಬಾ."